ಮಾಸ್ತಿಕಟ್ಟೆಯ ದರಗಿನಡಿ

ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಪುಟ್ಟ ಸುದ್ದಿ ತಪ್ಪದೆ ಬರುತ್ತದೆ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು: ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಎಲ್ಲೆಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಎಂಬ ಪಟ್ಟಿ. ಹೊಸನಗರ ತಾಲ್ಲೂಕಿನ ಈ ಊರುಗಳಲ್ಲಿ ಒಂದಕ್ಕೂ ಕಾಲಿಡದವರಿಗೂ ಅವುಗಳ ಹೆಸರು ಬಾಯಿಪಾಠ ಆಗಿರುವುದು ಆ ಪಟ್ಟಿಯ ದೆಸೆಯಿಂದ. ಆಗುಂಬೆಗೆ ಸಿನಿಮಾ, ಧಾರಾವಾಹಿ, ಸೂರ್ಯಾಸ್ತ ಎಲ್ಲ ಸೇರಿ ಹೆಸರು ತಂದುಕೊಟ್ಟವು. ಅದರಷ್ಟೇ, ಕೆಲವು ವರ್ಷ ಅದಕ್ಕಿಂತಲೂ ಹೆಚ್ಚು ಮಳೆ ಸುರಿಸಿಕೊಳ್ಳುವ ಹುಲಿಕಲ್ಲಿಗೆ ಮಾತ್ರ ಆ ಪಟ್ಟಿಯೇ ಗತಿ.

ನಾನು ಮಾಸ್ತಿಕಟ್ಟೆಗೆ ಹೊರಟದ್ದು ಆಷಾಢದಲ್ಲಿ, ಪಟ್ಟಿಯಲ್ಲಿದ್ದ ಊರಿಗೆಲ್ಲ ಮೂರಂಕಿ ಬಿದ್ದಿದ್ದ ವಾರ. ಹೊಸನಗರ ದಾಟಿ ನಗರಕ್ಕೆ, ಅಂದರೆ ಹಳೆಯ ಬಿದನೂರಿಗೆ, ಬರುವ ಹೊತ್ತಿಗೆ ಬಸ್ಸಿನ ಕಿಟಕಿಯ ಟಾರ್ಪಾಲನ್ನೆಲ್ಲ ಇಳಿಬಿಟ್ಟಾಗಿತ್ತು. ಕೆಳದಿಯ ಅರಸರು ಆಳಿದ, 1763ರಲ್ಲಿ ಹೈದರಾಲಿಯ ಕೈಸೇರಿದ ಬಿದನೂರಿನ ಕೋಟೆ ಟಾರ್ಪಾಲಿನ ಸಂದಿಯಲ್ಲಿ ಒಂದು ಹಸಿರು ಗೋಡೆಯಾಗಿ ಹಿಂದೆ ಸರಿಯಿತು. ಇಳಿದಾಗ ಎದುರಿಗೆ ಕಂಡದ್ದು ನಾಲ್ಕಾರು ಅಂಗಡಿ, ವಾರಾಹಿ ಯೋಜನೆಯ ಕಾಲದಲ್ಲಿ ಎದ್ದ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಕಾಲೊನಿಯ ಪಾಚಿಗಟ್ಟಿದ ಗೋಡೆಗಳು ಮತ್ತು ಕೊಡೆ ಹಿಡಿದು ನಿಂತಿದ್ದ, ನಾನು ಉಳಿದುಕೊಳ್ಳಲಿದ್ದ ಮನೆಯ ಗೌಡ್ರು. ಮಾಣಿ ಅಣೆಕಟ್ಟೆಯ ನೀರು ಇಲ್ಲಿಂದ ಘಟ್ಟದ ಹೊಟ್ಟೆಯೊಳಗೆ ಇಳಿದು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ಕರೆಂಟಾಗುತ್ತದೆ. ಆ ಕಾಲೊನಿಯ ದೀಪ ಮಾತ್ರ ಗಾಳಿಮಳೆ ಜೋರಾದ ದಿನ ಎಲ್ಲರ ಮನೆಯ ದೀಪದಂತೆಯೇ ಹೋಗುತ್ತದೆ ಎಂದು ಗೌಡ್ರು ದಾರಿಯಲ್ಲೇ ಹೇಳಿ ಮುಗಿಸಿದರು.

"ಈ ಮಳೇಲಿ ಎಂತ ನೋಡ್ಲಿಕ್ಕೆ ಬಂದದ್ದು ಮಾರಾಯ್ರೆ? ಕುಂಚಿಕಲ್ ಫಾಲ್ಸಾ?"

"ಅಲ್ಲ ಗೌಡ್ರೆ. ಹುಳ."

ಅವರು ಮತ್ತೇನೂ ಕೇಳಲಿಲ್ಲ. ಮಲೆನಾಡಿನ ತೋಟದವರಿಗೆ ಪೇಟೆಯಿಂದ ಬರುವವರ ಹುಚ್ಚುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಪ್ಪೆಯ ಫೋಟೋ ತೆಗೆಯುವವರು, ಆರ್ಕಿಡ್ ಹುಡುಕಿ ಮರ ಹತ್ತುವವರು, ರಾತ್ರಿಯೆಲ್ಲ ಹಾವಿನ ಹಿಂದೆ ಅಲೆಯುವವರು. ಹುಳದವರೂ ಒಬ್ಬರು ಬರಲಿ.

ನಾನು ಹುಡುಕಿಕೊಂಡು ಹೋದದ್ದು ಮುಟ್ಟಿದರೆ ಉಂಡೆಯಾಗುವ ದೈತ್ಯ ಸಹಸ್ರಪದಿಯನ್ನು. ಹೂಕುಂಡ ಎತ್ತಿದರೆ ಕೆಳಗೆ ಸಿಗುವ ಬೂದುಬಣ್ಣದ ಚಿಕ್ಕ ಉಂಡೆಹುಳ ಬೇರೆ. ಅದು ಏಡಿ, ಸಿಗಡಿಗಳ ದಾಯಾದಿ. ಅದಕ್ಕಿರುವುದು ಏಳು ಜೊತೆ ಕಾಲು, ಬಾಲದ ತುದಿಯಲ್ಲಿ ಚಿಕ್ಕ ಚಿಕ್ಕ ಬಳೆಗಳು. ಇದು ಹಾಗಲ್ಲ. ಬೆನ್ನಿನ ಮೇಲೆ ಹದಿಮೂರು ಫಲಕ. ಕತ್ತಿನ ಹತ್ತಿರದ್ದು ಪುಟ್ಟದು, ಎರಡನೆಯದು ಎದೆಗವಚದ ಹಾಗೆ ಅಗಲ, ಕೊನೆಯದು ಇಡೀ ಹಿಂಬದಿಯನ್ನು ಮುಚ್ಚುವ ಒಂದೇ ಒಂದು ಗುಮ್ಮಟ. ಹೆಣ್ಣಿಗೆ ಇಪ್ಪತ್ತೊಂದು ಜೊತೆ ಕಾಲು. ಗಂಡಿಗೆ ಇನ್ನೆರಡು ಜೊತೆ ಹೆಚ್ಚು, ಅವು ನಡೆಯಲು ಅಲ್ಲ. ಅವುಗಳ ವಿಚಾರ ಮುಂದೆ ಬರುತ್ತದೆ. ಸಾವಿರ ಕಾಲೆಂಬ ಹೆಸರಿಗೆ ಹೋಲಿಸಿದರೆ ಬಡ ಸಂಸಾರವೇ.

ಈ ಗಣದ ಹೆಸರು ಆರ್ಥ್ರೋಸ್ಫೇರಾ. ಪಶ್ಚಿಮ ಘಟ್ಟ, ದಕ್ಷಿಣ ಭಾರತದ ಇತರ ಬೆಟ್ಟಗಳು ಮತ್ತು ಶ್ರೀಲಂಕಾ ಇದರ ನೆಲೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಚೇಳು, ಜೇಡ, ಸಹಸ್ರಪದಿಗಳಿಗೆ ಹೆಸರಿಡುತ್ತಿದ್ದ ಆರ್. ಐ. ಪೊಕಾಕ್ 1895ರಲ್ಲಿ ಆ ಹೆಸರು ಕೊಟ್ಟ. ಮುಂದೆ ಭಾರತದ ಹುಲಿ ಚಿರತೆಗಳ ಬಗ್ಗೆ ಗ್ರಂಥ ಬರೆದದ್ದೂ ಇದೇ ಪೊಕಾಕ್. 1899ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಭಾರತ, ಸಿಲೋನ್, ಬರ್ಮಾಗಳ ಉಂಡೆ ಸಹಸ್ರಪದಿಗಳನ್ನೆಲ್ಲ ಒಟ್ಟುಮಾಡಿ ಬರೆದ. ಡಾಲಿ, ಡೇವಿಸನ್ ಎಂಬ ದೊರೆಗಳ ಹೆಸರು ಹೊತ್ತ ಪ್ರಭೇದಗಳು ಈಗಲೂ ನಮ್ಮ ಘಟ್ಟದ ತರಗೆಲೆಯೊಳಗೆ ಓಡಾಡಿಕೊಂಡಿವೆ. ಆಸ್ಟ್ರಿಯಾದ ಕಾರ್ಲ್ ಆಟೆಮ್ಸ್ 1936ರಲ್ಲಿ ಇನ್ನಷ್ಟು ಸೇರಿಸಿದ. ನಮ್ಮ ಕರಾವಳಿಯ ತೋಟಗಳಲ್ಲಿ ಹೆಚ್ಚು ಅಧ್ಯಯನವಾಗಿರುವ ಆರ್ಥ್ರೋಸ್ಫೇರಾ ಮ್ಯಾಗ್ನಾ ಅವನು ಹೆಸರಿಟ್ಟದ್ದು.

ಮೊದಲ ದಿನ ಗೌಡ್ರ ಮನೆಯ ಮೇಲಿನ ಸೊಪ್ಪಿನಬೆಟ್ಟಕ್ಕೆ ಹೋದೆವು. ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ತುರುಕಿ, ಅದರ ಮೇಲೆ ಸುಣ್ಣ ಹೊಗೆಸೊಪ್ಪು ಕಲಸಿದ ನೀರು ಬಳಿದುಕೊಂಡರೂ ಉಂಬಳಗಳು ತಮ್ಮ ಪಾಲು ತೆಗೆದುಕೊಂಡವು. ಗೌಡ್ರು ಬರಿಗಾಲಲ್ಲಿ, ಕಂಬಳಿಕೊಪ್ಪೆಯಲ್ಲಿ. ಅವರ ಕಾಲಿಗೆ ಹತ್ತಿದ್ದು ನನಗಿಂತ ಕಡಿಮೆ. ಇದಕ್ಕೆ ವೈಜ್ಞಾನಿಕ ಕಾರಣ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ.

ಬೆಟ್ಟದ ಕೆಳಭಾಗದ ದರಗನ್ನು, ಅಂದರೆ ಒಣ ತರಗೆಲೆಯನ್ನು, ಬೇಸಿಗೆಯಲ್ಲಿ ಗುಡಿಸಿದ್ದರು. ಅಲ್ಲಿ ಕೆಂಪುಮಣ್ಣು ಬತ್ತಲಾಗಿ, ಮಳೆನೀರು ಎಳೆಎಳೆಯಾಗಿ ಹರಿಯುತ್ತಿತ್ತು. ನಾವು ಅರ್ಧ ಗಂಟೆ ಕಲ್ಲು ಮಗುಚಿದರೂ ಒಂದು ಉದ್ದ ಸಹಸ್ರಪದಿ, ಎರಡು ಎರೆಹುಳ, ಅಷ್ಟೆ. ಮೇಲೆ ಹೋದಂತೆ, ದರಗು ಗುಡಿಸುವವರ ಬುಟ್ಟಿ ತಲುಪದ ಕಡೆ, ಕಾಡು ಬೇರೆಯಾಯಿತು. ಬಲಗಿ, ಹಾಡಸಲೆ, ಧೂಮ, ಉಪ್ಪಾಗೆ, ರಾಮಪತ್ರೆ. ಅಡಿಯಲ್ಲಿ ಮೊಣಕಾಲಿನವರೆಗೆ ಬೆಳೆದ ಸಸಿಗಳು, ಅವುಗಳ ನಡುವೆ ಎರಡು ಮೂರು ವರ್ಷದ ಎಲೆ ಒಂದರ ಮೇಲೊಂದು ಕೂತ ಮೆತ್ತೆ. ಮೇಲಿನ ಪದರ ಹೋದ ಬೇಸಿಗೆಯದು, ಇನ್ನೂ ಎಲೆಯ ಆಕಾರದಲ್ಲೇ ಇದೆ. ಅದನ್ನು ಸರಿಸಿದರೆ ಬಿಳಿ ಶಿಲೀಂಧ್ರದ ದಾರಗಳು ಹೊಲಿದುಹಾಕಿದಂಥ ಕಪ್ಪೆಲೆಗಳು. ಅದರ ಕೆಳಗೆ, ತಿಂದುಳಿದ ನರಗಳ ಜಾಲರಿ. ಅದಕ್ಕೂ ಕೆಳಗೆ ಕರಿಯ ಹಿಕ್ಕೆ.

ಹುಳಕ್ಕಿಂತ ಮೊದಲು ಹಿಕ್ಕೆಯನ್ನು ಗುರುತಿಸುವುದು ಲೇಸು. ಎರೆಹುಳದ ಮಣ್ಣು ಹಿಟ್ಟುಹಿಟ್ಟಾಗಿ, ಸುರುಳಿಸುರುಳಿಯಾಗಿ ಇರುತ್ತದೆ. ಇದರದ್ದು ಬಿಡಿಬಿಡಿ ಗುಳಿಗೆ. ಬೆರಳಲ್ಲಿ ಹಿಸುಕಿದರೆ ಎಲೆಯ ಚೂರು ಕಾಣುತ್ತದೆ. ಒಂದು ಕಡೆ ಹೊಸ ಹಿಕ್ಕೆ ರಾಶಿಯಾಗಿ ಸಿಕ್ಕಿತೆಂದರೆ ಹುಳ ಕೈಯಳತೆಯಲ್ಲೇ ಇದೆ ಎಂದರ್ಥ. ಕೊಳೆತ ಮರದ ದಿಮ್ಮಿಯ ಪಕ್ಕ, ಬೇರಿನ ಗೋಡೆಗಳ ನಡುವಿನ ಮೂಲೆ, ಇಳಿಜಾರಿನಲ್ಲಿ ಎಲೆ ಬಂದು ತಂಗುವ ಬಂಡೆಯ ಮೇಲ್ಬದಿ: ಇಂಥಲ್ಲಿ ಹುಡುಕಬೇಕು. ಹಸಿ ಎಲೆ ಅದಕ್ಕೆ ರುಚಿಸದು. ಶಿಲೀಂಧ್ರ ಹತ್ತಿ ಮೆತ್ತಗಾದದ್ದೇ ಬೇಕು.

ಒಂದು ಬಲಗಿಯ ಬುಡದಲ್ಲಿ ಗೌಡ್ರೇ ಮೊದಲು ಕಂಡರು. "ಇದಾ ನೀವು ಹೇಳಿದ್ದು? ಇದು ಬೇಕಾದಷ್ಟುಂಟಲ್ಲ! ನಾನು ಸಣ್ಣವನಿದ್ದಾಗ ಇದ್ರಲ್ಲೇ ಗೋಲಿ ಆಡಿದ್ದೆವು."

ಎತ್ತಿಕೊಳ್ಳುವಷ್ಟರಲ್ಲಿ ಅದು ಮುಚ್ಚಿಕೊಂಡಿತ್ತು. ಅಂಗೈಯಲ್ಲಿ ಇಟ್ಟುಕೊಂಡರೆ ಸುಲಿದ ಗೋಟಡಿಕೆ. ಗಾತ್ರ, ತೂಕ, ನುಣುಪು ಎಲ್ಲ ಅದೇ. ಹೊಳೆಯುವ ಕಗ್ಗಂದು ಬಣ್ಣ, ಪ್ರತಿ ಫಲಕದ ಹಿಂದಂಚಿನಲ್ಲಿ ಮಸುಕು ಹಳದಿಯ ಗೆರೆ. ಎಲ್ಲೂ ಸಂದಿಲ್ಲ. ಎದೆಗವಚದ ಅಂಚಿನಲ್ಲಿ ಒಂದು ತೋಡು ಇದೆ, ಉಳಿದ ಫಲಕಗಳ ತುದಿಗಳೆಲ್ಲ ಒಂದರ ಮೇಲೊಂದು ಬಂದು ಅದರೊಳಗೆ ಕೂರುತ್ತವೆ. ಕೊನೆಯ ಗುಮ್ಮಟ ಬಂದು ತಲೆಯ ಮೇಲೆ ಮುಚ್ಚುತ್ತದೆ. ಗುಮ್ಮಟದ ಒಳಬದಿಯಲ್ಲಿರುವ ಕಪ್ಪು ಏಣುಗಳು ಅಗುಳಿಯ ಕೆಲಸ ಮಾಡುತ್ತವೆ. ಉಗುರು ತೂರಿಸಿ ಬಿಡಿಸಲು ನೋಡಿದರೆ ನಮ್ಮ ಉಗುರಿಗೇ ನೋವು. ಬಿಡಿಸಬಾರದು ಕೂಡ.

ಉದ್ದ ಸಹಸ್ರಪದಿಗಳ ಹಾಗೆ ಇದು ವಿಷ ಕಕ್ಕುವುದಿಲ್ಲ. ಉದ್ದದ್ದನ್ನು ಹಿಡಿದರೆ ಬೆರಳು ಕಂದಾಗಿ ದಿನಗಟ್ಟಲೆ ಹೋಗದು. ಹಳದಿ ಚುಕ್ಕೆಯ ಚಪ್ಪಟೆ ಜಾತಿಗಳು ಸಯನೈಡ್ ಬಿಡುತ್ತವೆ, ಕಹಿಬಾದಾಮಿಯ ವಾಸನೆ ಬರುತ್ತದೆ. ಯುರೋಪಿನ ಚಿಕ್ಕ ಉಂಡೆ ಸಹಸ್ರಪದಿಗಳಿಗೂ ಬೆನ್ನಿನ ಮೇಲೆ ವಿಷದ ಗ್ರಂಥಿಗಳಿವೆ. ನಮ್ಮ ಈ ದೈತ್ಯನಿಗೆ ಗ್ರಂಥಿಯೇ ಇಲ್ಲ. ಸುಣ್ಣ ತುಂಬಿ ಗಟ್ಟಿಯಾದ ಚಿಪ್ಪೊಂದೇ ಅದರ ನಂಬಿಕೆ. ಆ ನಂಬಿಕೆಯೂ ಎಲ್ಲ ಕಡೆ ನಡೆಯುವುದಿಲ್ಲ. ಆಫ್ರಿಕಾದ ಪಟ್ಟೆ ಮುಂಗುಸಿ ಇದರ ಅಲ್ಲಿನ ನಂಟನನ್ನು ಮುಂಗಾಲಲ್ಲಿ ಹಿಡಿದು, ಹಿಂಗಾಲುಗಳ ನಡುವಿನಿಂದ ಹಿಮ್ಮುಖವಾಗಿ ಬಂಡೆಗೆ ಎಸೆದು ಒಡೆಯುತ್ತದೆ. ಕೀಟಗಳ ರಸಾಯನಶಾಸ್ತ್ರಕ್ಕೆ ಹೆಸರಾದ ಥಾಮಸ್ ಐಸ್ನರ್ 1967ರಲ್ಲಿ ಇದನ್ನು ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ಗೌಡ್ರಿಗೆ ಹೇಳಿದೆ. "ನಮ್ಮ ಮುಂಗುಸಿ ಅಷ್ಟೆಲ್ಲ ಕಷ್ಟಪಡೂದಿಲ್ಲ. ಸೀದಾ ಕೋಳಿಗೂಡಿಗೇ ಬರ್ತದೆ," ಎಂದರು.

ಹುಳ ಸಿಕ್ಕಿತು. ಹೆಸರು? ಗುರುತಿಸುವ ಕೆಲಸದ ತೊಡಕು ಇಲ್ಲಿಂದ ಶುರು. ಹಕ್ಕಿಯನ್ನು ಬಣ್ಣ ನೋಡಿ ಹೇಳಬಹುದು, ಚಿಟ್ಟೆಯನ್ನು ರೆಕ್ಕೆ ನೋಡಿ ಹೇಳಬಹುದು. ಇದನ್ನು ಬಣ್ಣ ನಂಬಿ ಹೇಳುವಂತಿಲ್ಲ. ಮರಿಗಳು ಒಂದು ಬಣ್ಣ, ದೊಡ್ಡವು ಒಂದು ಬಣ್ಣ. ಆಗಷ್ಟೇ ಪೊರೆ ಕಳಚಿದ್ದು ಪೇಲವ. ಸ್ಪಿರಿಟ್ಟಿನಲ್ಲಿ ಮುಳುಗಿಸಿ ಮ್ಯೂಸಿಯಮ್ಮಿಗೆ ಕಳಿಸಿದವು ನೂರು ವರ್ಷದಲ್ಲಿ ಬಣ್ಣವನ್ನೇ ಕಳೆದುಕೊಂಡಿವೆ. ಪೊಕಾಕ್ ಬರೆದಿಟ್ಟ ಬಣ್ಣವನ್ನು ಅವೇ ಮಾದರಿಗಳೊಂದಿಗೆ ತಾಳೆ ನೋಡುವ ದಾರಿ ಮುಚ್ಚಿದೆ. ಪ್ರಭೇದ ಯಾವುದೆಂದು ನಿಜವಾಗಿ ಹೇಳಬೇಕಾದದ್ದು ಗಂಡಿನ ಕೊನೆಯ ಎರಡು ಜೊತೆ ಕಾಲುಗಳು. ಇಕ್ಕಳದ ಆಕಾರಕ್ಕೆ ತಿರುಗಿ, ಗುಮ್ಮಟದ ಕೆಳಗೆ ಮಡಚಿಕೊಂಡಿರುವ ಇವುಗಳಿಂದ ಗಂಡು ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳುತ್ತದೆ. ಆ ಇಕ್ಕಳದ ಬೆರಳಿನ ಬಾಗು, ಮುಳ್ಳು, ಹಲ್ಲುಗಳ ಲೆಕ್ಕದಲ್ಲಿ ಪ್ರಭೇದದ ಗುಟ್ಟಿದೆ. ಅಂದರೆ ಗಂಡು ಬೇಕು, ಬೆಳೆದದ್ದಾಗಿರಬೇಕು, ಬಿಚ್ಚಿಕೊಂಡಿರಬೇಕು, ಸೂಕ್ಷ್ಮದರ್ಶಕದ ಕೆಳಗೆ ಅಲುಗಾಡದೆ ಇರಬೇಕು. ಈ ಕೊನೆಯ ಷರತ್ತಿಗೆ ಬದುಕಿರುವ ಹುಳ ಒಪ್ಪುವುದಿಲ್ಲ.

ಆದ್ದರಿಂದ ಫೋಟೋ ನೋಡಿದ ತಕ್ಷಣ ಪ್ರಭೇದದ ಹೆಸರು ಹೇಳುವವರ ಮಾತನ್ನು ನಾನು ಪಕ್ಕಕ್ಕಿಡುತ್ತೇನೆ. ಗಣದವರೆಗೆ ಹೇಳಿ ನಿಲ್ಲುವುದೇ ಇಲ್ಲಿ ಮರ್ಯಾದೆ. ಆದರೆ ಗಂಡೋ ಹೆಣ್ಣೋ ಎಂದು ಕೊಲ್ಲದೆ ತಿಳಿಯಲು ಒಂದು ಉಪಾಯವಿದೆ. ತಳ ನಿಚ್ಚಳವಾಗಿ ಕಾಣುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮಾತಾಡದೆ, ಅಲುಗಿಸದೆ ಕಾಯಬೇಕು. ಗೌಡ್ರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕೂತರು. ಕವಳ ಅರ್ಧ ಕರಗುವ ಹೊತ್ತಿಗೆ ಗುಮ್ಮಟ ಕೂದಲೆಳೆಯಷ್ಟು ಎದ್ದಿತು. ಮೊದಲು ಹೊರಬಂದದ್ದು ಮೀಸೆ. ಗಿಡ್ಡ, ದಪ್ಪ, ತುದಿಯಲ್ಲಿ ತೇವ ಹುಡುಕುವ ಮೀಸೆ. ಆಮೇಲೆ ತಲೆ; ಆಮೇಲೆ ಇಡೀ ದೇಹ ಒಂದೇ ಸಲಕ್ಕೆ ಮಗುಚಿ, ಕಾಲುಗಳು ಡಬ್ಬಿಯ ತಳಕ್ಕೆ ತಾಗಿದವು. ಡಬ್ಬಿ ಎತ್ತಿ ಕೆಳಗಿನಿಂದ ನೋಡಿದರೆ ಕಾಲುಗಳ ಅಲೆ ಹಿಂದಿನಿಂದ ಮುಂದಕ್ಕೆ ಹರಿಯುತ್ತಿದೆ. ಕೊನೆಯಲ್ಲಿ ಇಕ್ಕಳವಿಲ್ಲ. ಹೆಣ್ಣು. ಬಲಗಿಯ ಬುಡಕ್ಕೇ ವಾಪಸು ಬಿಟ್ಟೆವು. ಆ ಬೆಟ್ಟದಲ್ಲಿ ಮುಂದೆ ಸಿಕ್ಕವೂ ಹೆಣ್ಣು, ಇಲ್ಲವೇ ಮರಿ.

ಸಂಜೆ ಬಚ್ಚಲೊಲೆಯ ಮುಂದೆ ಬಟ್ಟೆ ಒಣಗಿಸುತ್ತ ಗೌಡ್ರ ಜೊತೆ ಮಾತು ದರಗಿಗೆ ಹೊರಳಿತು. ಮಲೆನಾಡಿನ ಅಡಿಕೆ ತೋಟ ನಿಂತಿರುವುದೇ ಬೆಟ್ಟದ ಎಲೆಯ ಮೇಲೆ. ಬೇಸಿಗೆಯಲ್ಲಿ ದರಗು, ಮಳೆಗಾಲದಲ್ಲಿ ಹಸಿಸೊಪ್ಪು. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ತುಳಿಸಿಕೊಂಡು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ, ಗುಡಿಸುವ ಆಳು ಸಿಗುವುದೂ ಕಡಿಮೆ. ಜೊತೆಗೆ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆ ಹರಡುವುದು ಉಣುಗಿನಿಂದ, ಉಣುಗು ಇರುವುದು ದರಗಿನಲ್ಲಿ, ದರಗು ಗುಡಿಸುವ ಕಾಲವೂ ಕಾಯಿಲೆಯ ಕಾಲವೂ ಒಂದೇ. ಹೀಗಾಗಿ ಬೆಟ್ಟದ ಮೇಲಿನರ್ಧ ತನ್ನಷ್ಟಕ್ಕೆ ಉಳಿದಿದೆ. ನನ್ನ ಹುಳಗಳೆಲ್ಲ ಸಿಕ್ಕಿದ್ದು ಆ ಅರ್ಧದಲ್ಲಿ.

ಮಂಗಳೂರು ವಿಶ್ವವಿದ್ಯಾಲಯದ ಕೆ. ಎಂ. ಅಶ್ವಿನಿ ಮತ್ತು ಕೆ. ಆರ್. ಶ್ರೀಧರ್ ದಕ್ಷಿಣ ಕನ್ನಡದ ತೋಟ ಮತ್ತು ಕಾಡುಗಳಲ್ಲಿ ಆರ್ಥ್ರೋಸ್ಫೇರಾ ಮ್ಯಾಗ್ನಾದ ಬೆನ್ನುಹತ್ತಿ, 2006ರಲ್ಲಿ ಪ್ರಕಟಿಸಿದ ಕೆಲಸ ನನಗೆ ಈ ಹುಳದ ಬಗ್ಗೆ ಇರುವ ಬರಹಗಳಲ್ಲೆಲ್ಲ ಹೆಚ್ಚು ಉಪಯೋಗದ್ದು ಅನ್ನಿಸುತ್ತದೆ. ಮಳೆಗಾಲದಲ್ಲಿ ಮೇಲೆ, ಒಣಗಾಲದಲ್ಲಿ ಮಣ್ಣಿನಡಿ ಎಂಬ ಅದರ ವರ್ಷದ ಲೆಕ್ಕ ಅದರಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ತೋಟದ ಕಸವನ್ನು ಹುಳಕ್ಕೆ ತಿನ್ನಿಸಿ ಹಿಕ್ಕೆಯ ಗುಣ ಅಳೆದು ನೋಡಿದರು. ಇಂಗಾಲ-ಸಾರಜನಕದ ಅನುಪಾತ ಇಳಿದು, ಗಿಡ ಹೀರಿಕೊಳ್ಳಬಲ್ಲ ಗೊಬ್ಬರವೇ ಆಗಿತ್ತು. ತೋಟಗಳ ಪೈಕಿ ಈ ಹುಳಗಳು ಅವರಿಗೆ ಸಿಕ್ಕಿದ್ದು ಸಾವಯವವಾಗಿ ನೋಡಿಕೊಂಡವುಗಳಲ್ಲಿ. ಗೌಡ್ರು ಇದನ್ನು ಗಮನವಿಟ್ಟು ಕೇಳಿದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ವಿಧಿಯಿಲ್ಲ, ಎಲೆಚುಕ್ಕಿ ರೋಗ ಬಂದ ಮೇಲೆ ಇನ್ನೂ ಏನೇನೋ ಹೊಡೆದಾಯಿತು, ತೋಟದಲ್ಲಿ ಈ ಹುಳ ಕಂಡು ಎಷ್ಟು ಕಾಲವಾಯಿತೋ ನೆನಪಿಲ್ಲ ಎಂದರು. ಒಳಗಿನಿಂದ ಗೌಡ್ರ ಮನೆಯ ಅಕ್ಕ ಉಪ್ಪಾಗೆ ಒಣಗಿಸುವ ಹೊಗೆಯ ನಡುವೆ ಕೂಗಿದರು: "ಅಂಗಳದ ಮೂಲೆಯ ತಿಪ್ಪೆ ಹತ್ರ ನಾನು ನೋಡಿದೀನಿ. ಅಡಿಕೆ ಬಿದ್ದದೆ ಅಂತ ಹೆಕ್ಕಲಿಕ್ಕೆ ಹೋದ್ರೆ ನಡೀತು."

ಈ ಹುಳಕ್ಕೆ ಓಡಲು ಬಾರದು, ಹಾರಲು ಬಾರದು, ಒಣನೆಲ ದಾಟಲು ಬಾರದು. ಇಷ್ಟಾದರೂ ಇದರ ಕುಲ ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಭಾರತ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಹರಡಿದೆ. ಹುಳ ನಡೆದು ಹೋದದ್ದಲ್ಲ, ನೆಲವೇ ಒಡೆದು ಹೋದದ್ದು. ಗೋಂಡ್ವಾನ ಭೂಖಂಡ ಚೂರಾದಾಗ ಒಂದೊಂದು ಚೂರೂ ತನ್ನ ಪಾಲಿನ ಉಂಡೆಗಳನ್ನು ಹೊತ್ತುಕೊಂಡಿತು. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗಿ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರಿನಲ್ಲಿ ಸ್ಫೇರೋಮಿಮಸ್ ಎಂಬ ಗಣವಿದೆ. ಅದೇ ದ್ವೀಪದ ಇತರ ಉಂಡೆಗಳಿಗಿಂತ ಅದಕ್ಕೆ ಹತ್ತಿರದ ನಂಟು ನಮ್ಮ ಆರ್ಥ್ರೋಸ್ಫೇರಾದ್ದು ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಪಕ್ಕದ ಮನೆಯವನನ್ನು ಬಿಟ್ಟು ಸಮುದ್ರದಾಚೆಯವನ ಜೊತೆ ರಕ್ತಸಂಬಂಧ. ನನಗೆ ಇದು ಹೇಳಿ ಮುಗಿಸುವ ವಿಷಯವಾಗಿ ಕಾಣುವುದಿಲ್ಲ. ಮಾಸ್ತಿಕಟ್ಟೆಯ ಬಲಗಿಯ ಬುಡದಲ್ಲಿ ಕೂತಾಗ ಆ ಸಂಖ್ಯೆಯನ್ನು ಏನು ಮಾಡಬೇಕೋ ತಿಳಿಯುವುದಿಲ್ಲ.

ಗಂಡು ಸಿಕ್ಕಿದ್ದು ಹೊರಡುವ ದಿನ ಬೆಳಗ್ಗೆ, ಕಾಡಿನಲ್ಲಿ ಅಲ್ಲ, ಹುಲಿಕಲ್ ಘಾಟಿಯ ಕಡೆಗೆ ಹೋಗುವ ಟಾರು ರಸ್ತೆಯಲ್ಲಿ. ರಾತ್ರಿಯಿಡೀ ಹೊಡೆದ ಮಳೆ ನಸುಕಿಗೆ ಬಿಟ್ಟಿತ್ತು. ಇಂಥ ರಾತ್ರಿಗಳಲ್ಲಿ ಇವು ಒದ್ದೆ ರಸ್ತೆಯನ್ನೂ ದಾಟುತ್ತವೆ. ಲಾರಿಯ ನಡುಕ ತಾಗಿದೊಡನೆ ಮಾಡಲು ಗೊತ್ತಿರುವುದು ಒಂದೇ ಉಪಾಯ, ಇದ್ದಲ್ಲೇ ಮುಚ್ಚಿಕೊಳ್ಳುವುದು. ಕೋಟ್ಯಂತರ ವರ್ಷ ಕೈಹಿಡಿದ ಉಪಾಯ ಟೈರಿನ ಮುಂದೆ ನಡೆಯುವುದಿಲ್ಲ. ಒಂದರ್ಧ ಮೈಲಿಯಲ್ಲಿ ಹಲವು ಅಪ್ಪಚ್ಚಿಯಾಗಿ ಬಿದ್ದಿದ್ದವು. ಒಂದರ ಮುಂಭಾಗ ಮಾತ್ರ ಜಜ್ಜಿಹೋಗಿ, ಗುಮ್ಮಟದ ಕಡೆ ಇಡಿಯಾಗಿ ಉಳಿದಿತ್ತು.

ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಭೂತಗನ್ನಡಿ ತೆಗೆದೆ. ಇಕ್ಕಳ ಇತ್ತು. ಹಿಂದಿನ ಜೊತೆ ದಪ್ಪ, ಏಡಿಯ ಕೊಂಬಿನಂತೆ ಬಾಗಿದ್ದು. ಮುಂದಿನ ಜೊತೆ ತುಸು ಚಿಕ್ಕದು. ಅದರ ಬುಡದ ಗೆಣ್ಣಿನ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವ ಸಾಲುಗೆರೆಗಳು. ಇದು ಗಂಡಿನ ವಾದ್ಯ. ಆ ಗೆರೆಗಳನ್ನು ಗುಮ್ಮಟದ ಒಳ ಅಂಚಿನ ಗಂಟುಗಳಿಗೆ ಉಜ್ಜಿದರೆ ಸದ್ದು ಹೊರಡುತ್ತದೆ. ಹೆದರಿ ಉಂಡೆಯಾಗಿ ಕೂತ ಹೆಣ್ಣಿಗೆ, ಬಂದಿರುವುದು ಮುಂಗುಸಿಯಲ್ಲ ನಾನು ಎಂದು ತಿಳಿಸಲು ಈ ಸದ್ದು ಎಂದು ಸಂಶೋಧಕರು ಊಹಿಸುತ್ತಾರೆ. ಸಹಸ್ರಪದಿಗಳಲ್ಲಿ ಸದ್ದು ಮಾಡುವವು ಬಲು ಅಪರೂಪ.

ಗೌಡ್ರಿಗೆ ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಇದರ ಹೆಸರು ಗೊತ್ತಾಯ್ತಾ?"

"ಅರ್ಧ ಗೊತ್ತಾಯ್ತು. ಆರ್ಥ್ರೋಸ್ಫೇರಾ. ಗಂಡು."

"ಇನ್ನರ್ಧ?"

"ಆ ಇಕ್ಕಳದ ಹಲ್ಲು ಲೆಕ್ಕ ಹಾಕಿ ಪೊಕಾಕನ ಚಿತ್ರದ ಜೊತೆ ತಾಳೆ ನೋಡೋರು ಹೇಳ್ಬೇಕು. ನನ್ನ ಈ ಕನ್ನಡಿಗೆ ಅಷ್ಟು ಕಾಣೋದಿಲ್ಲ."

ಗೌಡ್ರು ಇಕ್ಕಳವನ್ನು ಒಂದು ಕೆಸುವಿನೆಲೆಯ ಮೇಲಿಟ್ಟು ಹಿಂದಕ್ಕೆ ಕೊಟ್ಟರು. ಅಷ್ಟರಲ್ಲಿ ತಿರುವಿನಾಚೆ ಕುಂದಾಪುರದ ಕಡೆಯಿಂದ ಬರುವ ಬಸ್ಸಿನ ಹಾರನ್ ಕೇಳಿತು. ರಸ್ತೆಯ ನಡುವೆ ಇನ್ನೊಂದು ಹುಳ ಗಟಾರದ ಕಡೆಗೆ ನಿಧಾನಕ್ಕೆ ಹೊರಟಿತ್ತು. ಗೌಡ್ರು ಕಂಬಳಿ ಎತ್ತಿಕೊಂಡು ಓಡಿಹೋಗಿ ಅದನ್ನು ಹೆಕ್ಕಿ, ಈಚೆಗೆ ಅಲ್ಲ, ಅದು ಮುಖ ಮಾಡಿದ್ದ ಆಚೆ ಬದಿಗೇ ಬಿಟ್ಟು, ಬಸ್ಸಿಗೆ ಕೈ ಅಡ್ಡ ಮಾಡಿದರು.